ಕಾಲುವೆ ಸೋರಿದರೆ ನದಿ ಉಪ್ಪಾಗುತ್ತದೆ

(ಕೊಲೊರಾಡೊ ನದಿಯ ಉಪ್ಪಿನ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಅವಸರವಾಗಿ ದಾಟಿಹೋದ ಕೆಲವು ಕಡೆ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನಿಮ್ಮನ್ನು ಒಂದು ಜಾಗಕ್ಕೆ ಕರೆದುಕೊಂಡು ಹೋಗುತ್ತೇನೆ. ಅಮೆರಿಕದ ಕೊಲೊರಾಡೊ ರಾಜ್ಯದ ಪಶ್ಚಿಮ ಅಂಚಿನಲ್ಲಿ ಗ್ರ್ಯಾಂಡ್ ವ್ಯಾಲಿ ಅಂತ ಒಂದು ಕಣಿವೆ ಇದೆ. ಅದರ ಉತ್ತರಕ್ಕೆ ಬುಕ್ ಕ್ಲಿಫ್ಸ್ ಎನ್ನುವ ಬೋಳು ಗುಡ್ಡಗಳ ಸಾಲು. ಬೂದಿ ಬಣ್ಣದ ಇಳಿಜಾರು, ಹುಲ್ಲುಕಡ್ಡಿ ಕೂಡ ಅಪರೂಪ. ವರ್ಷಕ್ಕೆ ಹತ್ತು ಇಂಚು ಮಳೆಯೂ ಬೀಳುವುದಿಲ್ಲ. ಆದರೆ ಗುಡ್ಡದಿಂದ ಕೆಳಗೆ ನೋಡಿದರೆ ಪೀಚ್ ತೋಟಗಳು, ಮೇವಿನ ಅಲ್ಫಾಲ್ಫಾ, ಮೆಕ್ಕೆಜೋಳ. ಎಲ್ಲ ಕಾಲುವೆಯ ಕೃಪೆ. ಕೊಲೊರಾಡೊ ನದಿಯಿಂದ ತಿರುಗಿಸಿದ ನೀರು ನೂರು ವರ್ಷಕ್ಕಿಂತ ಹೆಚ್ಚು ಕಾಲದಿಂದ ಅಲ್ಲಿ ಹರಿಯುತ್ತಿದೆ.

ನಾನು ಅಲ್ಲಿಗೆ ಹೋದಾಗ ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ. ಒಂದು ಹಳೆಯ ಮಣ್ಣಿನ ಕಾಲುವೆಯ ಕೆಳಗಡೆ, ಹೊಲದಂಚಿನ ತಗ್ಗಿನಲ್ಲಿ, ಯಾರೋ ಹಿಟ್ಟು ಚೆಲ್ಲಿದ ಹಾಗೆ ನೆಲ ಬೆಳ್ಳಗಿತ್ತು. ಕಾಲಿಟ್ಟರೆ ತೆಳು ಹಪ್ಪಳ ಮುರಿದ ಹಾಗೆ ಸದ್ದು. ಒಂದು ಚಿಟಿಕೆ ತೆಗೆದು ನಾಲಿಗೆಗೆ ಮುಟ್ಟಿಸಿದೆ. ಅಡುಗೆ ಉಪ್ಪಿನ ರುಚಿ ಅಲ್ಲ, ಕಹಿ. ಅಲ್ಲಿನ ಉಪ್ಪಿನಲ್ಲಿ ಸಲ್ಫೇಟ್ ಜಾಸ್ತಿ, ಜಿಪ್ಸಮ್ ಜಾಸ್ತಿ.

ಇವತ್ತಿನ ಮಾತೆಲ್ಲ ಆ ಚಿಟಿಕೆ ಉಪ್ಪಿನ ಬಗ್ಗೆಯೇ. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಅದನ್ನು ತಡೆಯುವುದಕ್ಕೆ ಕಾಲುವೆ ಮತ್ತು ಹೊಲವನ್ನೇ ಯಾಕೆ ರಿಪೇರಿ ಮಾಡಬೇಕು, ಆ ಖರ್ಚನ್ನು ಯಾರು ಕೊಡಬೇಕು. ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು ಅಂತ ನನಗೆ ಅನಿಸುತ್ತದೆ.

ಎಲ್ಲಿಂದ ಬಂತು ಅನ್ನುವುದನ್ನು ಮೊದಲು ನೋಡೋಣ. ಕೋಟ್ಯಂತರ ವರ್ಷಗಳ ಹಿಂದೆ, ಡೈನೋಸಾರ್‌ಗಳು ಓಡಾಡುತ್ತಿದ್ದ ಕಾಲದಲ್ಲಿ, ಉತ್ತರ ಅಮೆರಿಕದ ನಡುವೆ ಉದ್ದಕ್ಕೂ ಸಮುದ್ರ ಇತ್ತು. ಅದರ ತಳದಲ್ಲಿ ಕೂತ ಕೆಸರು ಗಟ್ಟಿಯಾಗಿ ಜೇಡಿಗಲ್ಲಾಯಿತು. ಇದಕ್ಕೆ ಮ್ಯಾಂಕೋಸ್ ಶೇಲ್ ಅಂತ ಹೆಸರು. ಸಮುದ್ರ ಹೋಯಿತು, ಉಪ್ಪು ಕಲ್ಲಿನೊಳಗೆ ಉಳಿಯಿತು. ಬುಕ್ ಕ್ಲಿಫ್ಸ್‌ನ ಬೂದಿ ಇಳಿಜಾರು ಅದೇ ಕಲ್ಲು. ಕಣಿವೆಯ ಹೊಲಗಳ ಅಡಿಯಲ್ಲಿ ಹಾಸಿಕೊಂಡಿರುವುದೂ ಅದೇ.

ಮಳೆ ಇಲ್ಲದ ಊರಿನಲ್ಲಿ ಈ ಉಪ್ಪು ಸುಮ್ನೆ ಮಲಗಿರುತ್ತಿತ್ತು. ಅದನ್ನು ಎಬ್ಬಿಸಿದ್ದು ಕಾಲುವೆ. ಮಣ್ಣಿನ ಕಾಲುವೆ ಸೋರುತ್ತದೆ. ಹೊಲಕ್ಕೆ ಹಾಯಿಸಿದ ನೀರಿನಲ್ಲಿ ಬೇರು ಕುಡಿದು ಉಳಿದದ್ದು ಕೆಳಗಿಳಿಯುತ್ತದೆ. ಎರಡೂ ಸೇರಿ ಜೇಡಿಗಲ್ಲನ್ನು ಮುಟ್ಟುತ್ತವೆ. ಕಲ್ಲಿನ ಮೇಲಿರುವ ಗುಂಡುಕಲ್ಲಿನ ಪದರದಲ್ಲಿ ನಿಧಾನಕ್ಕೆ ಹರಿಯುತ್ತಾ ಉಪ್ಪನ್ನು ಕರಗಿಸಿಕೊಳ್ಳುತ್ತವೆ. ಕೊನೆಗೆ ತಗ್ಗಿನಲ್ಲಿರುವ ನದಿಗೇ ವಾಪಸ್ ಬರುತ್ತವೆ. ನದಿ ಬಿಟ್ಟು ಹೋದಾಗ ಸಿಹಿಯಾಗಿದ್ದ ನೀರು ಮರಳಿ ಬರುವಾಗ ಲೀಟರಿಗೆ ಸಾವಿರಾರು ಮಿಲಿಗ್ರಾಂ ಉಪ್ಪು ಹೊತ್ತಿರುತ್ತದೆ. ಸುಧಾರಣೆ ಶುರುವಾಗುವ ಮುಂಚೆ ಗ್ರ್ಯಾಂಡ್ ವ್ಯಾಲಿಯ ನೀರಾವರಿಯೊಂದರಿಂದಲೇ ವರ್ಷಕ್ಕೆ ಸುಮಾರು 5 ಲಕ್ಷ 80 ಸಾವಿರ ಟನ್ ಉಪ್ಪು ನದಿಗೆ ಇಳಿಯುತ್ತಿತ್ತು ಎಂದು ಲೆಕ್ಕ ಹಾಕಿದ್ದಾರೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಇದು ಗೊತ್ತಾಗದಿದ್ದರೆ ಮುಂದಿನದೆಲ್ಲ ಗೋಜಲಾಗುತ್ತದೆ. ನದಿ ನೀರು ಉಪ್ಪಾಗುವುದಕ್ಕೆ ಎರಡು ದಾರಿ. ಒಂದು ಲೋಟ ನೀರನ್ನು ಬಿಸಿಲಿಗಿಡಿ. ಅರ್ಧ ಆವಿಯಾಗಿ ಹೋದರೆ ಉಳಿದ ನೀರಿನಲ್ಲಿ ಉಪ್ಪು ಎರಡು ಪಟ್ಟು ಗಾಢ ಆಗುತ್ತದೆ. ಹೊಸ ಉಪ್ಪು ಒಂದು ಕಾಳೂ ಸೇರಿಲ್ಲ, ನೀರು ಕಡಿಮೆಯಾಯಿತು ಅಷ್ಟೇ. ದೊಡ್ಡ ಜಲಾಶಯಗಳಲ್ಲಿ ಆಗುವುದು ಇದು. ಬೆಳೆ ನೀರು ಕುಡಿದಾಗ ಆಗುವುದೂ ಇದೇ. ಇನ್ನೊಂದು ದಾರಿ, ಲೋಟಕ್ಕೆ ಒಂದು ಚಮಚ ಉಪ್ಪು ಹಾಕುವುದು. ಸೋರಿದ ನೀರು ಜೇಡಿಗಲ್ಲಿನಿಂದ ಉಪ್ಪು ತಂದು ನದಿಗೆ ಸುರಿಯುವುದು ಈ ಎರಡನೆಯದು. ಮೊದಲನೆಯದನ್ನು ತಡೆಯಬೇಕಾದರೆ ಬೆಳೆಯನ್ನೇ ಕಡಿಮೆ ಮಾಡಬೇಕು. ಎರಡನೆಯದನ್ನು ಬೆಳೆ ಹಾಗೇ ಇಟ್ಟುಕೊಂಡು ತಡೆಯಬಹುದು. ಕಾಲುವೆ ರಿಪೇರಿಯ ಬಲ ಇರುವುದು ಇಲ್ಲೇ.

ಇಡೀ ನದಿಯ ಉಪ್ಪೆಲ್ಲ ರೈತರದ್ದೇ ಅಂತ ತಿಳಿಯಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1971ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ನದಿಯ ಕೆಳಭಾಗದ ಉಪ್ಪಿನಲ್ಲಿ ಶೇ. 47ರಷ್ಟು ನಿಸರ್ಗದ್ದೇ. ಬಿಸಿನೀರಿನ ಬುಗ್ಗೆಗಳು, ಉಪ್ಪಿನ ಗುಡ್ಡಗಳು, ಮಳೆಗೆ ಕೊಚ್ಚಿಬಂದ ಮಣ್ಣು. ನೀರಾವರಿಯ ಪಾಲು ಶೇ. 37. ಜಲಾಶಯಗಳ ಆವಿಯದ್ದು ಶೇ. 12. ಊರು ಮತ್ತು ಕಾರ್ಖಾನೆಗಳದ್ದು ಉಳಿದ ಶೇ. 4. ಆದರೆ ನಿಸರ್ಗದ ಉಪ್ಪು ಸಾವಿರ ಕಡೆ ಚದುರಿ ಬರುತ್ತದೆ, ಕೈಗೆ ಸಿಗುವುದಿಲ್ಲ. ನೀರಾವರಿಯ ಉಪ್ಪು ಬರುವ ಜಾಗ ಗೊತ್ತಿದೆ. ಯಾವ ಕಾಲುವೆ, ಯಾವ ಹೊಲ ಅಂತ ಬೆರಳಿಟ್ಟು ತೋರಿಸಬಹುದು.

ಈಗ ಉಪ್ಪು ಎಲ್ಲಿಗೆ ಹೋಗುತ್ತದೆ ಅನ್ನುವುದು. ರಾಕಿ ಪರ್ವತದಲ್ಲಿ ಹಿಮ ಕರಗಿ ಹರಿಯುವಾಗ ಈ ನದಿಯ ನೀರಿನಲ್ಲಿ ಲೀಟರಿಗೆ ಸುಮಾರು 50 ಮಿಲಿಗ್ರಾಂ ಉಪ್ಪು. ಏಳು ರಾಜ್ಯಗಳಿಗೆ ಸೇರಿದ ಜಲಾನಯನ ಪ್ರದೇಶ ದಾಟಿ, ಮೆಕ್ಸಿಕೊ ಗಡಿಯ ಹತ್ತಿರ ಇಂಪೀರಿಯಲ್ ಅಣೆಕಟ್ಟಿಗೆ ಬರುವಷ್ಟರಲ್ಲಿ ಅದು ಹತ್ತು ಪಟ್ಟಿಗಿಂತ ಹೆಚ್ಚಾಗಿರುತ್ತದೆ. 1972ರಲ್ಲಿ ಅಲ್ಲಿ ಲೀಟರಿಗೆ 879 ಮಿಲಿಗ್ರಾಂ ಇತ್ತು. ಇದೇ ನೀರನ್ನು ಸುಮಾರು 4 ಕೋಟಿ ಜನ ಒಂದಲ್ಲ ಒಂದು ರೀತಿ ಬಳಸುತ್ತಾರೆ. ಸುಮಾರು 55 ಲಕ್ಷ ಎಕರೆಗೆ ಇದೇ ನೀರು.

ಅಲ್ಲಿನ ನೀರಾವರಿ ಎಂಜಿನಿಯರ್‌ಗಳು ಬಾಯಲ್ಲೇ ಇಟ್ಟುಕೊಂಡಿರುವ ಒಂದು ಲೆಕ್ಕ ಇದೆ. ಒಂದು ಎಕರೆ ನೆಲದ ಮೇಲೆ ಒಂದು ಅಡಿ ಎತ್ತರ ನೀರು ನಿಲ್ಲಿಸಿದರೆ ಅದು ಒಂದು ಎಕರೆ-ಅಡಿ, ಸುಮಾರು 12 ಲಕ್ಷ ಲೀಟರ್. ಆ ನೀರಿನಲ್ಲಿ ಲೀಟರಿಗೆ 735 ಮಿಲಿಗ್ರಾಂ ಉಪ್ಪಿದ್ದರೆ, ಒಟ್ಟು ಉಪ್ಪು ಅವರ ಲೆಕ್ಕದ ಒಂದು ಟನ್, ಅಂದರೆ ಸುಮಾರು 907 ಕೆಜಿ. ವರ್ಷದಲ್ಲಿ ನಾಲ್ಕು ಅಡಿ ನೀರು ಹಾಯಿಸುವ ರೈತ ತನಗೆ ಗೊತ್ತಿಲ್ಲದೆಯೇ ಎಕರೆಗೆ ನಾಲ್ಕು ಟನ್ ಉಪ್ಪು ಸುರಿಯುತ್ತಾನೆ. ಯಾರಾದರೂ ಲಾರಿಯಲ್ಲಿ ನಾಲ್ಕು ಟನ್ ಉಪ್ಪು ತಂದು ಹೊಲದಲ್ಲಿ ಇಳಿಸಿದರೆ ನಾವು ಬಿಡುತ್ತೇವಾ? ನೀರಿನೊಳಗೆ ಬಂದರೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಗಿಡಕ್ಕೆ ಏನಾಗುತ್ತದೆ? ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಾದಷ್ಟೂ ಬೇರು ಆ ನೀರನ್ನು ಎಳೆದುಕೊಳ್ಳುವುದು ಕಷ್ಟ. ಕಾಲ ಕೆಳಗೆ ನೀರಿದ್ದರೂ ಗಿಡ ಬಾಯಾರಿ ನಿಲ್ಲುತ್ತದೆ. ಎಲೆಯ ಅಂಚು ಸುಡುತ್ತದೆ. ಬಾರ್ಲಿ, ಹತ್ತಿ, ಖರ್ಜೂರ ಸಾಕಷ್ಟು ತಡೆದುಕೊಳ್ಳುತ್ತವೆ. ಹುರುಳಿಕಾಯಿ, ಸ್ಟ್ರಾಬೆರಿ ತಡೆಯುವುದಿಲ್ಲ. ಊರುಗಳಲ್ಲಿ ಪೈಪು, ಗೀಸರ್ ಬೇಗ ಹಾಳಾಗುತ್ತವೆ. ಎಲ್ಲ ಸೇರಿ ಕೆಳಭಾಗದ ರಾಜ್ಯಗಳಿಗೆ ವರ್ಷಕ್ಕೆ 30 ಕೋಟಿ ಡಾಲರಿಗೂ ಹೆಚ್ಚು ನಷ್ಟ ಅಂತ ಅಂದಾಜು.

ಆದರೆ ಈ ಸಮಸ್ಯೆಗೆ ಸರ್ಕಾರ ಎಚ್ಚೆತ್ತದ್ದು ತನ್ನ ರೈತರ ಕೂಗಿಗಲ್ಲ, ಗಡಿಯಾಚೆಯ ರೈತರ ಕೂಗಿಗೆ. ಈ ಕಥೆ ನನ್ನ ಮನಸ್ಸಿಗೆ ತುಂಬಾ ಹತ್ತಿರ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1944ರ ಒಪ್ಪಂದದ ಪ್ರಕಾರ ಅಮೆರಿಕ ಪ್ರತಿ ವರ್ಷ ಮೆಕ್ಸಿಕೊಗೆ ಈ ನದಿಯಿಂದ 15 ಲಕ್ಷ ಎಕರೆ-ಅಡಿ ನೀರು ಕೊಡಬೇಕು. ಎಷ್ಟು ನೀರು ಅಂತ ಬರೆದರು. ಎಂಥ ನೀರು ಅಂತ ಸ್ಪಷ್ಟವಾಗಿ ಬರೆಯಲಿಲ್ಲ. ಅರಿಜೋನಾದಲ್ಲಿ ವೆಲ್ಟನ್-ಮೊಹಾಕ್ ಎನ್ನುವ ನೀರಾವರಿ ಪ್ರದೇಶ ಇದೆ. ಅಲ್ಲಿ ನೀರು ಹಾಯಿಸಿ ಹಾಯಿಸಿ ಅಂತರ್ಜಲ ಬೇರಿನ ತನಕ ಏರಿತು, ಹೊಲಗಳು ಸವುಳು ಹಿಡಿಯತೊಡಗಿದವು. ಉಳಿಸಿಕೊಳ್ಳಲು ಬಾವಿ ತೋಡಿ ಉಪ್ಪುನೀರನ್ನು ಪಂಪ್ ಮಾಡಿ ಹೊರಗೆ ಬಿಟ್ಟರು. 1961ರಲ್ಲಿ ಆ ನೀರು ನದಿಗೆ ಸೇರತೊಡಗಿತು. ಅದರಲ್ಲಿ ಲೀಟರಿಗೆ ಸುಮಾರು 6,000 ಮಿಲಿಗ್ರಾಂ ಉಪ್ಪು. ಗಡಿಯಾಚೆ ಮೆಕ್ಸಿಕಾಲಿ ಕಣಿವೆಯ ರೈತರಿಗೆ ಸುಮಾರು 800 ಮಿಲಿಗ್ರಾಂ ಇದ್ದ ನೀರು ಸರಾಸರಿ 1,500ರ ಹತ್ತಿರ ಹೋಯಿತು. ಕೆಲವು ದಿನ 2,500ನ್ನೂ ದಾಟಿತು. ಒಪ್ಪಂದದ ಅಳತೆಯಲ್ಲಿ ನೀರು ಪೂರ್ತಿ ಬಂದಿತ್ತು. ಬೆಳೆ ಸುಡುತ್ತಿತ್ತು.

ರೈತರು ಬೀದಿಗಿಳಿದರು. ವಿಷಯ ಎರಡು ದೇಶಗಳ ನಡುವಿನ ಜಗಳವಾಯಿತು. 1972ರಲ್ಲಿ ಮೆಕ್ಸಿಕೊದ ಅಧ್ಯಕ್ಷ ಲೂಯಿಸ್ ಎಚೆವೆರಿಯಾ ವಾಷಿಂಗ್ಟನ್‌ಗೆ ಬಂದು ಅಮೆರಿಕದ ಸಂಸತ್ತಿನ ಮುಂದೆಯೇ ಇದನ್ನು ಎತ್ತಿದರು. 1973ರ ಆಗಸ್ಟಿನಲ್ಲಿ ಹೊಸ ಒಡಂಬಡಿಕೆಯಾಯಿತು. ಇದಕ್ಕೆ ಮಿನಿಟ್ 242 ಅಂತ ಹೆಸರು. ಮೆಕ್ಸಿಕೊಗೆ ಕೊಡುವ ನೀರಿನ ಉಪ್ಪು, ಇಂಪೀರಿಯಲ್ ಅಣೆಕಟ್ಟಿನಲ್ಲಿ ಇರುವುದಕ್ಕಿಂತ ವರ್ಷದ ಸರಾಸರಿಯಲ್ಲಿ 115 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು, ಆಚೀಚೆ 30ರಷ್ಟು ಬಿಟ್ಟು. ಮರುವರ್ಷ, 1974ರಲ್ಲಿ, ಕೊಲೊರಾಡೊ ಕಣಿವೆಯ ಉಪ್ಪು ನಿಯಂತ್ರಣ ಕಾಯ್ದೆ ಬಂತು.

ಆ ಕಾಯ್ದೆಗೆ ಎರಡು ಭಾಗ. ಎರಡರ ಫಲವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಮೊದಲ ಭಾಗ ಗಡಿಯ ಹತ್ತಿರದ ಕೆಲಸ. ಅರಿಜೋನಾದ ಯೂಮಾ ಊರಿನಲ್ಲಿ ಉಪ್ಪು ತೆಗೆಯುವ ದೊಡ್ಡ ಸ್ಥಾವರ ಕಟ್ಟಿದರು. ಮನೆಯಲ್ಲಿರುವ ಆರ್‌ಒ ಫಿಲ್ಟರಿನ ತತ್ವವೇ, ಊರಷ್ಟು ದೊಡ್ಡದು. ಸುಮಾರು 25 ಕೋಟಿ ಡಾಲರ್ ಖರ್ಚಾಯಿತು. 1992ರಲ್ಲಿ ಕೆಲಸ ಮುಗಿಯಿತು. ಕೆಲವು ತಿಂಗಳು ನಡೆಯಿತು, 1993ರ ಪ್ರವಾಹದಲ್ಲಿ ಬಸಿಗಾಲುವೆ ಕೊಚ್ಚಿಹೋಯಿತು, ನಿಂತಿತು. ಆಮೇಲೆ 2007ರಲ್ಲಿ ಮೂರು ತಿಂಗಳು, 2010-11ರಲ್ಲಿ ಸುಮಾರು ಒಂದು ವರ್ಷ ಪ್ರಯೋಗಕ್ಕೆ ನಡೆಸಿದರು. ಅಷ್ಟೇ. ನಡೆಸುವ ಖರ್ಚು ಅಷ್ಟು ಜಾಸ್ತಿ. ವೆಲ್ಟನ್-ಮೊಹಾಕ್‌ನ ಉಪ್ಪುನೀರನ್ನು ಬೇರೆ ಕಾಲುವೆಯಲ್ಲಿ ನದಿಯಿಂದ ದೂರ, ಮೆಕ್ಸಿಕೊದ ಸಾಂಟಾ ಕ್ಲಾರಾ ಎನ್ನುವ ಜಾಗಕ್ಕೆ ಬಿಟ್ಟರು. ಯಾರೂ ಯೋಚಿಸದೆ ಅಲ್ಲಿ ಸುಮಾರು 40 ಸಾವಿರ ಎಕರೆಯ ಜೊಂಡಿನ ಜೌಗು ಹುಟ್ಟಿತು. ಇವತ್ತು ಅದು ಸಾವಿರಾರು ಹಕ್ಕಿಗಳ ಮನೆ. ಸ್ಥಾವರ ಪೂರ್ತಿ ನಡೆದರೆ ಆ ಜೌಗು ಒಣಗುತ್ತದೆ ಅನ್ನುವ ಭಯವೂ ಈಗ ಇದೆ.

ಅದೇ ವೆಲ್ಟನ್-ಮೊಹಾಕ್‌ನಲ್ಲಿ ಇನ್ನೊಂದು ಕೆಲಸವೂ ಆಯಿತು. ಅದನ್ನು ಸ್ಥಾವರದಷ್ಟು ಜನ ನೆನಪಿಟ್ಟುಕೊಂಡಿಲ್ಲ. ಲೇಸರ್ ಕಿರಣ ನೋಡಿಕೊಂಡು ಟ್ರ್ಯಾಕ್ಟರಿನಿಂದ ಹೊಲವನ್ನು ತಟ್ಟೆಯ ಹಾಗೆ ಸಮತಟ್ಟು ಮಾಡಿದರು. ಹಳ್ಳ ದಿಣ್ಣೆ ಇದ್ದ ಹೊಲದಲ್ಲಿ ದಿಣ್ಣೆ ನೆನೆಯುವ ತನಕ ನೀರು ಬಿಟ್ಟರೆ ಹಳ್ಳದಲ್ಲಿ ಅಗತ್ಯಕ್ಕಿಂತ ಜಾಸ್ತಿ ಇಂಗುತ್ತದೆ. ಸಮತಟ್ಟಾದರೆ ಎಲ್ಲ ಕಡೆ ಒಂದೇ ಸಮ. ಬಸಿಯುವ ನೀರೇ ಕಡಿಮೆಯಾಯಿತು. ಬಸಿಯದ ನೀರನ್ನು ಶುದ್ಧ ಮಾಡುವ ಖರ್ಚೇ ಇಲ್ಲ.

ಕಾಯ್ದೆಯ ಎರಡನೆಯ ಭಾಗ ಮೇಲ್ಭಾಗದ ಕೆಲಸ. ಗ್ರ್ಯಾಂಡ್ ವ್ಯಾಲಿ ಇದರಲ್ಲಿ ಮೊದಲ ಸಾಲಿನಲ್ಲೇ ಇತ್ತು. ಆಮೇಲೆ ಕೊಲೊರಾಡೊದ ಅನ್ಕಂಪಾಗ್ರೆ ಮತ್ತು ಕೆಳ ಗನ್ನಿಸನ್ ಕಣಿವೆ, ಯೂಟಾದ ಯುಯಿಂಟಾ ಮತ್ತು ಪ್ರೈಸ್-ಸಾನ್ ರಫೇಲ್ ಪ್ರದೇಶಗಳು ಸೇರಿದವು. ಎಲ್ಲ ಕಡೆ ಕಥೆ ಒಂದೇ: ಕೆಳಗೆ ಉಪ್ಪಿನ ಕಲ್ಲು, ಮೇಲೆ ಸೋರುವ ಕಾಲುವೆ.

ಕಾಲುವೆಯ ಕೆಲಸ ಹೇಗೆ ನಡೆಯುತ್ತದೆ ಹೇಳುತ್ತೇನೆ. ಏಪ್ರಿಲ್‌ನಿಂದ ಅಕ್ಟೋಬರ್ ತನಕ ಕಾಲುವೆಯಲ್ಲಿ ನೀರು. ಮುಟ್ಟುವ ಹಾಗಿಲ್ಲ. ನೀರು ನಿಂತ ಮೇಲೆ, ಹಿಮ ಬೀಳುವ ಚಳಿಗಾಲದಲ್ಲೇ ಎಲ್ಲ ಕೆಲಸ. ದೊಡ್ಡ ಕಾಲುವೆಯಾದರೆ ಮಣ್ಣನ್ನು ಆಕಾರಕ್ಕೆ ಕೊರೆದು, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕಾಂಕ್ರೀಟ್ ಅಥವಾ ಮಣ್ಣು ಹಾಕುತ್ತಾರೆ. ಬರೀ ಕಾಂಕ್ರೀಟ್ ಚಳಿಗೆ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಕೆಳಗಿನ ಹಾಳೆ ನೀರನ್ನು ತಡೆಯುತ್ತದೆ, ಮೇಲಿನ ಕಾಂಕ್ರೀಟ್ ಹಾಳೆಯನ್ನು ಕಾಯುತ್ತದೆ. ಸಣ್ಣ ಕಾಲುವೆಯಾದರೆ ಲೈನಿಂಗ್ ಗೊಡವೆಯೇ ಬೇಡ, ಪೈಪ್ ಹಾಕಿ ಹೂತುಬಿಡುತ್ತಾರೆ. ದೊಡ್ಡ ಕಾಲುವೆಗಿಂತ ಈ ಸಣ್ಣವೇ ಹೆಚ್ಚು ಮೋಸ ಮಾಡುತ್ತವೆ. ಒಂದೊಂದೂ ಸೋರುವುದು ಸ್ವಲ್ಪವೇ. ಆದರೆ ಉದ್ದ ಲೆಕ್ಕ ಹಾಕಿದರೆ ನೂರಾರು ಮೈಲಿ.

ಪೈಪ್ ಹಾಕಿದರೆ ಇನ್ನೊಂದು ಲಾಭ ಇದೆ, ಅದು ನನಗೆ ತುಂಬಾ ಇಷ್ಟವಾದದ್ದು. ಯೂಟಾದ ಗುಡ್ಡಗಾಡಿನಲ್ಲಿ ಕಾಲುವೆ ಎತ್ತರದಿಂದ ಇಳಿದು ಬರುತ್ತದೆ. ತೆರೆದ ಕಾಲುವೆಯಲ್ಲಿ ಆ ಇಳಿತದ ಶಕ್ತಿ ಸುಮ್ನೆ ಪೋಲಾಗುತ್ತದೆ. ಪೈಪಿನೊಳಗೆ ಅದು ಒತ್ತಡವಾಗಿ ಉಳಿಯುತ್ತದೆ. ಹೊಲದ ತಲೆಯಲ್ಲಿ ವಾಲ್ವ್ ತಿರುಗಿಸಿದರೆ ಸಾಕು, ಮೋಟಾರಿಲ್ಲದೆ ಕರೆಂಟಿಲ್ಲದೆ ಸ್ಪ್ರಿಂಕ್ಲರ್ ತಿರುಗುತ್ತದೆ. ಸೋರಿಕೆ ನಿಲ್ಲಿಸಲು ಹಾಕಿದ ಪೈಪು ಹೊಲದ ನೀರಾವರಿಯನ್ನೂ ಬದಲಾಯಿಸಿತು. ಕಾಲುವೆ ಸುಧಾರಣೆ ಬೇರೆ, ಹೊಲದ ಸುಧಾರಣೆ ಬೇರೆ ಅಂತ ಕಚೇರಿಗಳಲ್ಲಿ ಎರಡು ಫೈಲು ಇರಬಹುದು. ನೆಲದ ಮೇಲೆ ಅವು ಒಂದೇ.

ಹಾಗಾದರೆ ಹೊಲಕ್ಕೆ ಬರೋಣ. ಗ್ರ್ಯಾಂಡ್ ವ್ಯಾಲಿಯಲ್ಲಿ ಹಿಂದೆ ಸಾಲುಗಳಲ್ಲಿ ನೀರು ಹಾಯಿಸುವುದೇ ಪದ್ಧತಿ. ಮೇಲಿನ ತುದಿಯಲ್ಲಿ ನೀರು ಬಿಟ್ಟರೆ ಅದು ಕೆಳಗಿನ ತುದಿ ಮುಟ್ಟುವುದಕ್ಕೆ ಗಂಟೆಗಟ್ಟಲೆ ಬೇಕು. ಕೊನೆಯ ಗಿಡಕ್ಕೆ ಸಾಕಷ್ಟು ನೀರು ಸಿಗುವಷ್ಟರಲ್ಲಿ ಮೊದಲ ಗಿಡದ ಬುಡದಲ್ಲಿ ಅರ್ಧ ದಿನ ನೀರು ನಿಂತಿರುತ್ತದೆ. ಬೇರಿಗೆ ಬೇಕಾದದ್ದಕ್ಕಿಂತ ಮಿಕ್ಕಿದ್ದೆಲ್ಲ ಜೇಡಿಗಲ್ಲಿಗೆ.

ಇದಕ್ಕೆ ಮೊದಲ ಮದ್ದು ಕಿಂಡಿ ಪೈಪ್. ಸಾಲಿಗೊಂದು ಕಿಂಡಿ ಇರುವ ಬಿಳಿ ಪ್ಲಾಸ್ಟಿಕ್ ಪೈಪ್, ಪ್ರತಿ ಕಿಂಡಿಗೂ ಜಾರಿಸುವ ಪುಟ್ಟ ಬಾಗಿಲು. ಯಾವ ಸಾಲಿಗೆ ಎಷ್ಟು ನೀರು ಅಂತ ಕೈಯಲ್ಲೇ ಹೊಂದಿಸಬಹುದು. ಎರಡನೆಯ ಮದ್ದು ಇನ್ನೂ ಚೆಂದ. ಪೈಪಿನ ನಡುವೆ ಒಂದು ಯಂತ್ರದ ವಾಲ್ವ್ ಇಡುತ್ತಾರೆ. ಅದು ಸ್ವಲ್ಪ ಹೊತ್ತು ಎಡಗಡೆ ಸಾಲುಗಳಿಗೆ, ಸ್ವಲ್ಪ ಹೊತ್ತು ಬಲಗಡೆ ಸಾಲುಗಳಿಗೆ ನೀರು ಬಿಡುತ್ತದೆ. ಹೀಗೆ ನಿಲ್ಲಿಸಿ ನಿಲ್ಲಿಸಿ ಬಿಟ್ಟರೆ ಏನು ಲಾಭ ಅಂತ ಕೇಳಬಹುದು. ಒಂದು ಸಲ ನೆನೆದು ನೀರು ನಿಂತುಹೋದಾಗ ಸಾಲಿನ ತಳದ ಮಣ್ಣು ಕುಸಿದು, ಸಣ್ಣ ಕಣಗಳು ರಂಧ್ರಗಳಲ್ಲಿ ಕೂತು, ಮೇಲ್ಮೈ ಸಾರಿಸಿದ ಹಾಗಾಗುತ್ತದೆ. ಮುಂದಿನ ಸಲ ಬಂದ ನೀರು ಅಲ್ಲಿ ಹೆಚ್ಚು ಇಂಗದೆ ಜಾರಿ ಮುಂದಕ್ಕೆ ಓಡುತ್ತದೆ. ಕೊನೆಯ ಗಿಡಕ್ಕೆ ಬೇಗ ನೀರು, ಮೊದಲ ಗಿಡಕ್ಕೆ ಅತಿಯಿಲ್ಲ. ನಾನು ಒಂದು ಹೊಲದ ಬದುವಿನಲ್ಲಿ ಕೂತು ಇದನ್ನು ನೋಡಿದೆ. ವಾಲ್ವ್ ತಿರುಗಿದ ಸಣ್ಣ ಸದ್ದು. ಎಡಗಡೆಯ ಸಾಲುಗಳಲ್ಲಿ ನೀರು ಇಳಿಯಿತು, ಬಲಗಡೆ ನೀರಿನ ನಾಲಿಗೆ ಮುಂದೆ ಹೊರಟಿತು. ಹಿಂದಿನ ಸುತ್ತಿನಲ್ಲಿ ನೆನೆದ ಜಾಗವನ್ನು ಸರ್ರನೆ ದಾಟಿ, ಒಣ ಮಣ್ಣು ಸಿಕ್ಕ ಕೂಡಲೇ ನಿಧಾನವಾಯಿತು. ಎಲ್ಲಿ ವೇಗ ಬದಲಾಗುತ್ತದೆ ಅಂತ ಕಡ್ಡಿ ನೆಟ್ಟು ಗುರುತು ಮಾಡಬಹುದಿತ್ತು, ಅಷ್ಟು ಸ್ಪಷ್ಟ.

ಸ್ಪ್ರಿಂಕ್ಲರ್ ಮತ್ತು ಡ್ರಿಪ್ ಬಗ್ಗೆ ನಿಮಗೆಲ್ಲ ಗೊತ್ತು, ಹೆಚ್ಚು ಹೇಳುವುದಿಲ್ಲ. ಒಂದು ಮಾತು ಮಾತ್ರ. ಉಪಕರಣ ಬಂದರೆ ಸಾಲದು, ಯಾವಾಗ ನಿಲ್ಲಿಸಬೇಕು ಅಂತ ಗೊತ್ತಿರಬೇಕು. ಅದಕ್ಕೆ ಕಾಲುವೆಯೂ ಒಪ್ಪಬೇಕು. ಸರದಿ ಬಂದಾಗಲೇ ನೀರು, ಬಿಟ್ಟರೆ ಮತ್ತೆ ಯಾವಾಗಲೋ ಅಂತಾದರೆ ಯಾವ ರೈತನೂ ಗೇಟ್ ಮುಚ್ಚುವುದಿಲ್ಲ. ನಾನಾದರೂ ಮುಚ್ಚುವುದಿಲ್ಲ. ಗ್ರ್ಯಾಂಡ್ ವ್ಯಾಲಿಯ ಗವರ್ನಮೆಂಟ್ ಹೈಲೈನ್ ಕಾಲುವೆ 55 ಮೈಲಿ ಉದ್ದ. ಅದರಲ್ಲಿ ನೀರಿನ ಮಟ್ಟ ಕಾಯಲು ಹಿಂದೆ ಇಡೀ ಕಾಲುವೆಯನ್ನು ತುಂಬಿ ಹರಿಸಬೇಕಿತ್ತು, ಮಿಕ್ಕಿದ್ದು ಕೊನೆಯಲ್ಲಿ ಚೆಲ್ಲಿಹೋಗುತ್ತಿತ್ತು. ಆಮೇಲೆ ನಡುನಡುವೆ ಏಳು ಕಡೆ ಅಡ್ಡಗೇಟುಗಳನ್ನು ಕಟ್ಟಿದರು. ಕಡಿಮೆ ನೀರು ಹರಿದಾಗಲೂ ಈ ಗೇಟುಗಳು ಮಟ್ಟವನ್ನು ಎತ್ತಿ ಹಿಡಿಯುತ್ತವೆ, ಪ್ರತಿ ತೂಬಿಗೂ ನೀರು ಸಿಗುತ್ತದೆ. ಇದನ್ನು ಮಾಡಿದ್ದು ಉಪ್ಪಿಗಾಗಿ ಅಲ್ಲ, ಮೀನಿಗಾಗಿ. ಉಳಿದ ನೀರು ನದಿಯಲ್ಲೇ ಇದ್ದರೆ ಅಳಿವಿನಂಚಿನ ಮೀನುಗಳಿಗೆ ಆಸರೆ. ಆದರೂ ನಾನು ಇಲ್ಲಿ ಹೇಳುತ್ತಿದ್ದೇನೆ. ಯಾಕೆಂದರೆ ನೀರು ಕೇಳಿದಾಗ ಸಿಗುತ್ತದೆ ಎನ್ನುವ ನಂಬಿಕೆ ಇಲ್ಲದೆ ಹೊಲದಲ್ಲಿ ಯಾವ ಸುಧಾರಣೆಯೂ ನಿಲ್ಲುವುದಿಲ್ಲ.

ಈಗ ಖರ್ಚಿನ ಪ್ರಶ್ನೆ. ಗ್ರ್ಯಾಂಡ್ ವ್ಯಾಲಿಯ ರೈತನಿಗೆ ಬರುವ ನೀರು ಒಳ್ಳೆಯದೇ. ಅವನ ಪೀಚ್ ಮರಕ್ಕೆ ತೊಂದರೆ ಇಲ್ಲ. ಅವನ ಹೊಲದಿಂದ ಇಳಿದ ಉಪ್ಪಿಗೆ ನಷ್ಟ ಅನುಭವಿಸುವವನು ಸಾವಿರ ಕಿಲೊಮೀಟರಿಗೂ ಆಚೆ ಇದ್ದಾನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಮೇಲಿನವನಿಗೆ "ನಿನ್ನ ಕಾಲುವೆ ಸರಿ ಮಾಡು" ಅಂತ ನೋಟಿಸ್ ಕೊಟ್ಟರೆ ಏನಾಗುತ್ತಿತ್ತು? ಕೋರ್ಟು, ಕಚೇರಿ, ಮೂವತ್ತು ವರ್ಷ. ಅಲ್ವಾ?

ಅವರು ಬೇರೆ ದಾರಿ ಹಿಡಿದರು. ಕಾರ್ಯಕ್ರಮ ಪೂರ್ತಿ ಸ್ವಇಚ್ಛೆಯದು. ಮುಂದೆ ಬಂದ ರೈತನಿಗೆ, ಕಾಲುವೆ ಸಂಘಕ್ಕೆ ಹಣ ಕೊಡುತ್ತಾರೆ. ಖರ್ಚಿನ ಬಹುಪಾಲು ಕೇಂದ್ರ ಸರ್ಕಾರದ್ದು. ಉಳಿದದ್ದು ಏಳು ರಾಜ್ಯಗಳ ಪಾಲು. ಆ ಪಾಲು ಬರುವುದು ನದಿಯ ಅಣೆಕಟ್ಟುಗಳಲ್ಲಿ ಹುಟ್ಟುವ ವಿದ್ಯುತ್ತಿನ ಆದಾಯದಿಂದ. ಅದರಲ್ಲೂ ಹೆಚ್ಚಿನದು ಹೂವರ್‌ನಂಥ ಕೆಳಭಾಗದ ಅಣೆಕಟ್ಟುಗಳದ್ದು. ಅಂದರೆ ಲಾಭ ಪಡೆಯುವ ಕೆಳಗಿನವರು, ಉಪ್ಪು ಹುಟ್ಟುವ ಮೇಲಿನ ಊರಿನ ಕಾಲುವೆಗೆ ದುಡ್ಡು ಕೊಡುತ್ತಾರೆ. ನನಗೆ ಇಡೀ ಕಾರ್ಯಕ್ರಮದಲ್ಲಿ ಅತ್ಯಂತ ಬುದ್ಧಿವಂತಿಕೆಯ ಭಾಗ ಇದು. ಕಾಂಕ್ರೀಟ್, ಪೈಪು ಯಾರಿಗಾದರೂ ಹೊಳೆಯುತ್ತಿತ್ತು.

ರೈತ ಯಾಕೆ ಒಪ್ಪುತ್ತಾನೆ? ನದಿಯ ಉಪ್ಪಿಗಾಗಿ ಅಲ್ಲ. ರಾತ್ರಿ ಎದ್ದು ಸಾಲು ತಿರುಗಿಸುವ ಕೆಲಸ ತಪ್ಪುತ್ತದೆ. ಹಾಕಿದ ಗೊಬ್ಬರ ನೀರಿನ ಜೊತೆ ಕೆಳಗಿಳಿಯುವುದಿಲ್ಲ. ಬೆಳೆ ಒಂದೇ ಸಮ ಬರುತ್ತದೆ. ಅವನ ಲಾಭ ಇಲ್ಲಿ, ನದಿಯ ಲಾಭ ಅಲ್ಲಿ. ಎರಡೂ ಒಂದೇ ಪೈಪಿನಲ್ಲಿ ಸಿಗುವ ಹಾಗೆ ಯೋಜನೆ ಮಾಡಿದ್ದರಿಂದಲೇ ಇದು ನಡೆಯಿತು. 1984ರ ತಿದ್ದುಪಡಿಯಲ್ಲಿ ಕೃಷಿ ಇಲಾಖೆ ನೇರವಾಗಿ ಹೊಲಕ್ಕೆ ಬಂತು. 1995ರ ತಿದ್ದುಪಡಿಯಲ್ಲಿ ಇನ್ನೊಂದು ಒಳ್ಳೆಯ ಬದಲಾವಣೆಯಾಯಿತು. ಸರ್ಕಾರವೇ ಯೋಜನೆ ರೂಪಿಸಿ ಕಟ್ಟುವ ಬದಲು, "ನಾವು ಇಷ್ಟು ಟನ್ ಉಪ್ಪು ತಡೆಯುತ್ತೇವೆ, ಟನ್ನಿಗೆ ಇಷ್ಟು ಖರ್ಚು" ಅಂತ ಕಾಲುವೆ ಸಂಘಗಳೇ ಪೈಪೋಟಿಯಲ್ಲಿ ಅರ್ಜಿ ಹಾಕುವ ಪದ್ಧತಿ ಬಂತು. ತಮ್ಮ ಕಾಲುವೆ ಎಲ್ಲಿ ಸೋರುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಖರ್ಚು ಇಳಿಯಿತು.

ಫಲ? ಈಗ ವರ್ಷಕ್ಕೆ 12 ಲಕ್ಷ ಟನ್‌ಗಿಂತ ಹೆಚ್ಚು ಉಪ್ಪು ನದಿಗೆ ಇಳಿಯದಂತೆ ತಡೆಯುತ್ತಿದ್ದಾರೆ. ಇಂಪೀರಿಯಲ್ ಅಣೆಕಟ್ಟಿನಲ್ಲಿ ಇದರಿಂದ ಲೀಟರಿಗೆ 100 ಮಿಲಿಗ್ರಾಂಗಿಂತ ಹೆಚ್ಚು ಕಡಿಮೆಯಾಗಿದೆ ಎಂಬ ಅಂದಾಜಿದೆ. 1972ರ 879ನ್ನೇ ಮಿತಿ ಎಂದು ಇಟ್ಟುಕೊಂಡಿದ್ದರು, ಆ ಮಿತಿಯೊಳಗೇ ಇದ್ದಾರೆ.

ಎಲ್ಲ ಉಪ್ಪನ್ನೂ ಕಾಲುವೆ ರಿಪೇರಿ ತಡೆಯುವುದಿಲ್ಲ ಅನ್ನುವುದಕ್ಕೆ ಒಂದು ಉದಾಹರಣೆ ಹೇಳಲೇಬೇಕು. ಕೊಲೊರಾಡೊದಲ್ಲೇ ಪ್ಯಾರಾಡಾಕ್ಸ್ ಅಂತ ಕಣಿವೆ. ಡೊಲೊರೆಸ್ ನದಿ ಆ ಕಣಿವೆಯ ಉದ್ದಕ್ಕೆ ಹರಿಯದೆ ಅಡ್ಡ ಹಾದು ಹೋಗುತ್ತದೆ, ಅದಕ್ಕೇ ಆ ಹೆಸರು. ಕೆಳಗೆ ಸಮುದ್ರಕ್ಕಿಂತ ಏಳು ಪಟ್ಟು ಗಾಢವಾದ ಉಪ್ಪುನೀರು ಇದೆ, ಅದು ನದಿಗೆ ಒಸರುತ್ತದೆ. ಅದನ್ನು ಪಂಪ್ ಮಾಡಿ 1996ರಿಂದ ಮೂರು ಮೈಲಿಗೆ ಹತ್ತಿರದ ಆಳದ ಬಾವಿಯೊಳಗೆ ತುಂಬುತ್ತಿದ್ದರು. ವರ್ಷಕ್ಕೆ ಸುಮಾರು ಒಂದು ಲಕ್ಷ ಟನ್ ಉಪ್ಪು. ಆದರೆ ಒತ್ತಡಕ್ಕೆ ನೆಲ ನಡುಗತೊಡಗಿತು. 2019ರ ಮಾರ್ಚಿನಲ್ಲಿ 4.5 ತೀವ್ರತೆಯ ಕಂಪನವಾದ ಮೇಲೆ ನಿಲ್ಲಿಸಿದರು. 2022ರಲ್ಲಿ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದರು. ಇದಕ್ಕೆ ಹೋಲಿಸಿದರೆ ಸೋರುವ ಕಾಲುವೆ ಎಷ್ಟು ಸರಳ ಶತ್ರು!

ಸುಧಾರಣೆಗೂ ಬೆಲೆ ಇದೆ, ಅದನ್ನು ಮುಚ್ಚಿಡಬಾರದು. ನೂರು ವರ್ಷ ಸೋರಿದ ಕಾಲುವೆಯ ಬದಿಯಲ್ಲಿ ಕಾಟನ್‌ವುಡ್ ಮರಗಳು ಬೆಳೆದಿರುತ್ತವೆ, ಸಣ್ಣ ಜೌಗುಗಳಿರುತ್ತವೆ, ಹಕ್ಕಿ ಗೂಡು ಕಟ್ಟಿರುತ್ತವೆ. ಪೈಪ್ ಹೂತರೆ ಅವು ಒಣಗುತ್ತವೆ. ಹಾಗಾಗಿ ಕಳೆದುಹೋದ ವನ್ಯಜೀವಿಗಳ ನೆಲೆಗೆ ಬದಲು ಬೇರೆ ಕಡೆ ನೆಲೆ ಕಟ್ಟಿಕೊಡಬೇಕು ಎನ್ನುವುದು ಕಾರ್ಯಕ್ರಮದ ಭಾಗವೇ ಆಗಿದೆ. ಇನ್ನೊಂದು ಕಡೆ, ಅದೇ ಜೇಡಿಗಲ್ಲಿನಿಂದ ಉಪ್ಪಿನ ಜೊತೆ ಸೆಲೆನಿಯಮ್ ಕೂಡ ಬರುತ್ತದೆ. ಅದು ಮೀನಿನ ಮೊಟ್ಟೆ, ಮರಿಗಳಿಗೆ ವಿಷ. ಸೋರಿಕೆ ನಿಂತರೆ ಅದೂ ಕಡಿಮೆ. ಒಂದು ಜೀವಕ್ಕೆ ನಷ್ಟ, ಇನ್ನೊಂದಕ್ಕೆ ಲಾಭ. ಜಾಗ ನೋಡಿ ನೋಡಿ ತೂಗಬೇಕಾದ ವಿಷಯ.

ಮುಂದಿನ ಚಿಂತೆ ಹಣದ್ದು. ಬರ ಬಂದು ಜಲಾಶಯ ಇಳಿದರೆ ಎರಡು ಏಟು ಒಟ್ಟಿಗೆ. ಉಪ್ಪನ್ನು ತೆಳುಮಾಡುವ ನೀರು ಕಡಿಮೆ. ಹೂವರ್‌ನಲ್ಲಿ ವಿದ್ಯುತ್ ಕಡಿಮೆಯಾಗಿ ಕಾಲುವೆ ರಿಪೇರಿಯ ನಿಧಿಯೂ ಕಡಿಮೆ. ರಿಪೇರಿ ಹೆಚ್ಚು ಬೇಕಾದ ವರ್ಷದಲ್ಲೇ ಕೈಯಲ್ಲಿ ದುಡ್ಡಿರುವುದಿಲ್ಲ. ನಿಧಿಯನ್ನು ವಿದ್ಯುತ್ತಿನ ಆದಾಯಕ್ಕೆ ಇಷ್ಟು ಬಿಗಿಯಾಗಿ ಕಟ್ಟಿಹಾಕಬಾರದಿತ್ತು ಎಂದು ನನ್ನ ಅಭಿಪ್ರಾಯ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ಕೇಳಿದರು: "ಸರ್, ನೀರು ಕೆಳಗೆ ಇಳಿಯದ ಹಾಗೆ ಮಾಡಿದಿರಿ, ಸರಿ. ಆದರೆ ಹಾಯಿಸಿದ ನೀರಿನಲ್ಲೇ ಇರುವ ಉಪ್ಪು ಎಲ್ಲಿ ಹೋಗುತ್ತದೆ? ಹೊಲದಲ್ಲೇ ಕೂರುವುದಿಲ್ಲವೇ?"

ಆ ದಿನದ ಅತ್ಯುತ್ತಮ ಪ್ರಶ್ನೆ ಅದು. ಉತ್ತರ: ಕೂರುತ್ತದೆ, ನಿಮ್ಮ ಮಾತು ನಿಜ. ಗಿಡ ನೀರನ್ನು ಕುಡಿಯುತ್ತದೆ, ಉಪ್ಪಿನ ಬಹುಪಾಲನ್ನು ಮಣ್ಣಿನಲ್ಲೇ ಬಿಡುತ್ತದೆ. ಹಾಗಾಗಿ ಬೇರಿನ ಪದರವನ್ನು ತೊಳೆಯಲು ಸ್ವಲ್ಪ ನೀರು ಕೆಳಗೆ ಇಳಿಯಲೇಬೇಕು. ಪೂರ್ತಿ ನಿಲ್ಲಿಸಿದರೆ ನದಿ ಉಳಿದೀತು, ಹೊಲ ಸವುಳಾಗುತ್ತದೆ. ಗ್ರ್ಯಾಂಡ್ ವ್ಯಾಲಿಯಲ್ಲಿ ಬರುವ ನೀರಿನಲ್ಲಿ ಉಪ್ಪು ಕಡಿಮೆ, ಅಲ್ಲಿ ಸ್ವಲ್ಪವೇ ತೊಳೆದರೆ ಸಾಕು. ಯೂಮಾದ ಕಡೆ ಅದೇ ನದಿಯ ನೀರು ಉಪ್ಪಾಗಿ ಬರುತ್ತದೆ, ಅಲ್ಲಿನ ರೈತ ಹೆಚ್ಚು ತೊಳೆಯಬೇಕು. ಮೇಲಿನವನು ಕಾಲುವೆ ಮುಚ್ಚಿದಷ್ಟೂ ಕೆಳಗಿನವನು ತೊಳೆಯಬೇಕಾದ ನೀರು ಕಡಿಮೆಯಾಗುತ್ತದೆ. ಎಷ್ಟು ಇಳಿಯಬೇಕು ಅನ್ನುವುದನ್ನು ಮಣ್ಣು ಪರೀಕ್ಷೆ ಮಾಡಿಸಿ ಹೊಲ ಹೊಲಕ್ಕೂ ಬೇರೆಯಾಗಿ ಲೆಕ್ಕ ಹಾಕಬೇಕು. ಅವರು ತಲೆಯಾಡಿಸಿ, ಚೀಲದಿಂದ ಒಂದು ಪುಸ್ತಕ ತೆಗೆದು ಏನನ್ನೋ ಬರೆದುಕೊಂಡರು.